ಹಬೆಯಣ್ಣನ ಫೋನು

ಹಬೆಯಣ್ಣನಿಗೆ ವಕೀಲರೇ ಬೇಕಿರಲಿಲ್ಲ. ನ್ಯಾಯಾಧೀಶರ ಎದುರು ನಿಂತು "ತಪ್ಪು ನಂದೇ" ಅಂದುಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ. ಆದರೆ ಹಾಗೆ ಒಬ್ಬಂಟಿಯಾಗಿ ಬಂದು ನಿಂತವನಿಗೆ ನ್ಯಾಯಾಲಯವೇ ಒಬ್ಬರನ್ನು ಗೊತ್ತು ಮಾಡಿಕೊಡುತ್ತದೆ. ಹಾಗೆ ಸಿಕ್ಕಿದವರು ನಡುವಯಸ್ಸಿನ ಒಬ್ಬ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವಂಥವರು.

"ಬಾಯ್ಲರ್ ಬಿಟ್ಟು ಯಾಕೆ ಹೋದ್ರಿ?" ಎಂದು ಅವರು ಮೊದಲ ಭೇಟಿಯಲ್ಲೇ ಕೇಳಿದರು.

"ಪಾಳಿ ಮುಗಿದಿತ್ತು."

"ಮುಂದಿನ ಪಾಳಿಯವರು ಬಂದಿದ್ರಾ?"

"ಇಲ್ಲ."

"ಬಂದೆ, ನೀನು ಹೊರಡು ಅಂತ ಯಾರಾದ್ರೂ ಹೇಳಿದ್ರಾ?"

ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ. "ಇಲ್ಲ."

"ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಎದ್ದು ಹೋಗದವರು ಅವತ್ತು ಯಾಕೆ ಹೋದ್ರಿ?"

"ಹೋದೆ. ತಪ್ಪಾಯ್ತು. ಅಷ್ಟೇ ಬರ್ಕೊಳ್ಳಿ ಮೇಡಂ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ತಪ್ಪು ಒಪ್ಕೊಳ್ಳೋರನ್ನ ಬೇಕಾದಷ್ಟು ನೋಡಿದೀನಿ. ಇಷ್ಟು ಅವಸರದಲ್ಲಿ ಒಪ್ಕೊಳ್ಳೋರನ್ನ ಇದೇ ಮೊದಲು ನೋಡ್ತಿರೋದು," ಅಂದರು.

ಹಬೆಯಣ್ಣ ಎಂಬುದು ಲಾಂಡ್ರಿಯವರು ಇಟ್ಟ ಹೆಸರು. ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಹೊದಿಕೆ, ವೈದ್ಯರ ನಿಲುವಂಗಿ ಎಲ್ಲ ಗಂಟುಗಂಟಾಗಿ ಬಂದು ಬೀಳುತ್ತಿದ್ದ ದೊಡ್ಡ ಲಾಂಡ್ರಿ ಅದು. ಒಗೆಯುವ ಬಿಸಿನೀರಿಗೆ, ಒಣಗಿಸುವ ಯಂತ್ರಗಳಿಗೆ, ಇಸ್ತ್ರಿ ವಿಭಾಗಕ್ಕೆ ಹಬೆ ಹೋಗುತ್ತಿದ್ದುದು ಹಿಂದುಗಡೆಯ ಕೋಣೆಯಲ್ಲಿದ್ದ ಒಂದೇ ಬಾಯ್ಲರಿನಿಂದ. ಅದನ್ನು ಕಾಯುವವನು ಇವನು. ಒತ್ತಡದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಬಾರದು, ಗಾಜಿನ ನಳಿಗೆಯಲ್ಲಿ ನೀರು ಇಳಿಯಬಾರದು, ಅಷ್ಟೇ ಕೆಲಸ. ಆದರೆ ಆ ಅಷ್ಟಕ್ಕೆ ಕಣ್ಣು ಕಿವಿ ಎರಡನ್ನೂ ಅಲ್ಲೇ ಇಟ್ಟಿರಬೇಕು. ಬಾಯ್ಲರಿನ ಸದ್ದು ತುಸು ಬದಲಾದರೂ ಅವನು ಊಟದ ಡಬ್ಬಿ ಮುಚ್ಚಿಟ್ಟು ಏಳುತ್ತಿದ್ದ. "ನಾನು ಕೆಮ್ಮಿದ್ರೆ ತಿರುಗಿ ನೋಡಲ್ಲ, ಅದು ಕೆಮ್ಮಿದ್ರೆ ಓಡ್ತಾರೆ" ಎಂದು ಹೆಂಡತಿ ಕಂಡವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ತಮ್ಮನನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಅಪ್ಪ ಹೋದಾಗ ತಮ್ಮ ಇನ್ನೂ ಶಾಲೆಯ ಚೀಲ ಹೊರುತ್ತಿದ್ದ. ಓದಿಸಿದ್ದು, ಬಾಯ್ಲರ್ ಪರೀಕ್ಷೆಗೆ ಕೂರಿಸಿದ್ದು, ಮದುವೆ ಮಾಡಿದ್ದು ಎಲ್ಲ ಅಣ್ಣ ಅತ್ತಿಗೆಯೇ. ಲಾಂಡ್ರಿಯಲ್ಲಿ ಅವನಿಗೆ ಮರಿಹಬೆ ಎಂದು ಹೆಸರು ಬಿತ್ತು. ಅಣ್ಣನದು ಬೆಳಗಿನ ಪಾಳಿ, ತಮ್ಮನದು ಮಧ್ಯಾಹ್ನದ್ದು. ತಮ್ಮನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇವತ್ತು ಆಗುತ್ತೆ, ನಾಳೆ ಆಗುತ್ತೆ ಎಂದು ಮ್ಯಾನೇಜರ್ ಮೂಗಿಗೆ ತುಪ್ಪ ಸವರುತ್ತಲೇ ಇದ್ದರು.

ಅವಘಡ ಆದದ್ದು ಪಾಳಿ ಬದಲಾಗುವ ಹೊತ್ತಿನಲ್ಲಿ. ಹಬೆಯಣ್ಣ ಹೊರಟುಹೋಗಿದ್ದ. ಬಾಯ್ಲರ್ ಕೋಣೆಯಲ್ಲಿ ಯಾರೂ ಇರಲಿಲ್ಲ. ಒತ್ತಡ ಏರುತ್ತಾ ಹೋಯಿತು, ತಾನಾಗಿ ತೆರೆದುಕೊಳ್ಳಬೇಕಿದ್ದ ಕವಾಟ ತೆರೆಯಲಿಲ್ಲ. ಮನುಷ್ಯ ಇದ್ದಿದ್ದರೆ ಮುಳ್ಳು ನೋಡಿ, ಉರಿ ನಿಲ್ಲಿಸಿ, ಚಕ್ರ ತಿರುಗಿಸಿ ಹಬೆ ಹೊರಗೆ ಬಿಡುತ್ತಿದ್ದ. ಇಸ್ತ್ರಿ ವಿಭಾಗದ ಗೋಡೆಯ ಮೇಲೆ ಹಾದುಹೋಗುವ ಕೊಳವೆಯ ಜೋಡಣೆ ಬಿರಿಯಿತು. ಅದರ ಕೆಳಗೆ ನಿಂತಿದ್ದವಳು ಇಸ್ತ್ರಿ ಅಕ್ಕ. ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅವಳ ಬಲಗೈ, ಹೆಗಲು, ಕತ್ತಿನ ಒಂದು ಪಕ್ಕ ಬೆಂದುಹೋಯಿತು.

ಪೊಲೀಸರು ಬಂದಾಗ ಮ್ಯಾನೇಜರ್, "ಬಾಯ್ಲರ್ ಮನುಷ್ಯ ಹೇಳದೆ ಕೇಳದೆ ಎದ್ದು ಹೋಗಿದಾನೆ, ಆಯ್ತಾ? ನಾವೇನು ಮಾಡೋಣ?" ಅಂದರು. ಹಬೆಯಣ್ಣನ ತಮ್ಮ ಅಲ್ಲೇ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದ. ಹಬೆಯಣ್ಣನನ್ನು ಕರೆಸಿ ಕೇಳಿದಾಗ ಅವನು ಇಲ್ಲ ಅನ್ನಲಿಲ್ಲ. ಕರ್ತವ್ಯ ಬಿಟ್ಟು ಹೋಗಿ, ಇನ್ನೊಬ್ಬರ ಜೀವಕ್ಕೆ ಕುತ್ತು ತಂದ ಆರೋಪ ಬಂತು. ಸಾಬೀತಾದರೆ ಜೈಲು.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಸರಿಮಾಡಿಕೊಡುತ್ತಿದ್ದಳು. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚುವುದು. ಅವಳು ವಕೀಲರ ಕೋಣೆಗೆ ಗಂಡನಿಗೆ ತಿಳಿಸದೆ ಬಂದಳು.

"ಮೇಡಂ, ಅವತ್ತು ಮಗಳ ಕೈಗೆ ಹಾಕಿದ್ದ ಪ್ಲಾಸ್ಟರ್ ತೆಗೆಸೋ ದಿನ. ನಾನು ಮಗಳನ್ನ ಕರ್ಕೊಂಡು ಆಸ್ಪತ್ರೆಗೆ ಹೋಗಿದ್ದೆ, ಇವರು ಪಾಳಿ ಮುಗಿಸ್ಕೊಂಡು ಬಸ್ಸಲ್ಲಿ ಬಂದ್ರು. ಬಂದವರೇ, 'ತಮ್ಮ ಬಂದ, ಅದಕ್ಕೆ ಬೇಗ ಬಿಟ್ಟೆ' ಅಂದ್ರು. ನನ್ನ ಕಿವಿಯಾರೆ ಕೇಳಿದೀನಿ. ಈಗ ತಮ್ಮನ ಹೆಸರೇ ಎತ್ತಲ್ಲ."

"ಕೇಳಿದ್ರಾ ಯಾಕೆ ಅಂತ?"

"ಕೇಳಿದ್ರೆ ಗೋಡೆ ನೋಡ್ತಾರೆ. ಮಾರನೇ ದಿನ ಬೆಳಿಗ್ಗೆ ಮಂಚದ ತುದೀಲಿ ಕೂತು ಫೋನಲ್ಲಿ ಏನೋ ಒತ್ತುತಿದ್ರು. ಏನು ಅಂದೆ. ಬೇಡದ್ದೆಲ್ಲ ಅಳಿಸ್ತಿದೀನಿ ಅಂದ್ರು. ಅಂಗಡಿಯವರು ಕಳಿಸೋ ಜಾಹೀರಾತನ್ನೂ ಅಳಿಸದೆ ಇಟ್ಕೊಳ್ಳೋ ಮನುಷ್ಯ ಅವರು! ಆಮೇಲೆ ಫೋನ್ ಆಫ್ ಮಾಡಿ ಬೀರುವಿನಲ್ಲಿ ಹೊದಿಕೆಗಳ ಅಡಿ ಇಟ್ಟರು. ಯಾರ ಕರೆನೂ ಬೇಡ ಅಂತ ಬೇರೆ ನಂಬರ್ ಹಾಕಿ ಗುಂಡಿ ಒತ್ತೋ ಹಳೇ ಫೋನು ಇಟ್ಕೊಂಡಿದಾರೆ. ಅಳಿಸಿದ್ದು ವಾಪಸ್ ಬರುತ್ತಾ ಮೇಡಂ?"

ವಕೀಲರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಅವತ್ತಿಂದ ಆ ಫೋನ್ ಆನ್ ಮಾಡೇ ಇಲ್ವಾ?"

"ಇಲ್ಲ."

"ಹಾಗಾದ್ರೆ ಬರಬಹುದು. ಉಪಯೋಗಿಸ್ತಾ ಇದ್ರೆ ಹಳೇದರ ಮೇಲೆ ಹೊಸದು ಕೂತು ಮುಚ್ಚಿಹೋಗುತ್ತೆ. ಹಾಗಾಗಿಲ್ಲ. ನೀವೂ ಆನ್ ಮಾಡಬೇಡಿ. ರಿಪೇರಿ ಅಂಗಡಿಗಂತೂ ಕೊಡಲೇಬೇಡಿ, ಅಲ್ಲಿ ತೆಗೆಸಿದ್ದನ್ನ ಕೋರ್ಟಲ್ಲಿ ತೋರಿಸಿದ್ರೆ ನೀವೇ ಬರೆದು ಸೇರಿಸಿದ್ದು ಅಂತಾರೆ. ಸರಿಯಾದ ಲ್ಯಾಬಿಗೆ ಮೊಹರು ಹಾಕಿ ಕಳಿಸ್ಬೇಕು. ಆದ್ರೆ ಫೋನು ಅವರದು. ಅವರು ಒಪ್ಪದೆ ನಾನು ಬೆರಳೂ ಸೋಕಿಸಲ್ಲ."

ಅವಳು ಮನೆಗೆ ಬಂದು ನೇರವಾಗಿಯೇ ವಿಷಯ ಎತ್ತಿದಳು. ಹಬೆಯಣ್ಣ ಬಟ್ಟಲನ್ನು ಕೆಳಗಿಟ್ಟ.

"ಅದನ್ನ ಮುಟ್ಟಬೇಡ."

"ನಿಮ್ಮ ತಮ್ಮ ಬರ್ತೀನಿ ಅಂತ ಹೇಳಿ ಬರಲಿಲ್ಲ, ಅಲ್ವಾ? ಅದನ್ನ ಮುಚ್ಚೋಕೆ ಅಳಿಸಿದ್ದು."

ಅವನು ಬಟ್ಟಲನ್ನು ಇನ್ನೂ ದೂರ ಸರಿಸಿ ಹೇಳಿದ. "ಗೇಟ್ ದಾಟಿದೆ, ನೀನು ಹೊರಡು ಅಂತ ಕಳಿಸಿದ್ದ. ನಾನು ಹಿಂದಿನ ಬಾಗಿಲಿಂದ ಹೊರಟೆ. ಗೇಟಿಂದ ಬಾಯ್ಲರಿಗೆ ಎಷ್ಟು ದೂರ? ಆದ್ರೂ ಅವನು ಬಂದಿರಲಿಲ್ಲ. ಎಲ್ಲಿ ನಿಂತಿದ್ನೋ, ಯಾರ ಜೊತೆ ಹರಟೆ ಹೊಡೀತಿದ್ನೋ. ಕೆಲಸ ಕಾಯಂ ಆಗಿಲ್ಲ, ಹೆಂಡತಿ ಬಸುರಿ. ಅವನನ್ನ ಒಳಗೆ ಹಾಕಿಸಿ ನಾನು ಹೊರಗಿರ್ಲಾ?"

"ನೀವು ಒಳಗೆ ಹೋದ್ರೆ ಈ ಮನೆ?"

"ನೀನಿದೀಯ. ಅವರ ಮನೇಲಿ ಯಾರಿದಾರೆ?"

ಅವಳಿಗೆ ಕೋಪ ನೆತ್ತಿಗೇರಿತು. "ಹೊಗಳಿ ಅಟ್ಟಕ್ಕೇರಿಸಬೇಡಿ ನನ್ನ," ಎಂದು ಎದ್ದು ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಆವತ್ತೆಲ್ಲ ಯಂತ್ರ ಓಡಿತೇ ಹೊರತು ಇಬ್ಬರ ನಡುವೆ ಮಾತಿಲ್ಲ.

ಅವನ ಹಟ ಸಡಿಲಿಸಿದವಳು ಇಸ್ತ್ರಿ ಅಕ್ಕ. ಅವಳೇನು ಆ ಉದ್ದೇಶಕ್ಕೆ ಬಂದವಳಲ್ಲ. ಒಂದು ದಿನ ಸಂಜೆ ಬಗಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ಕೈಗೆ ಇನ್ನೂ ಕಟ್ಟು ಇತ್ತು.

"ತೋಳು ಅಗಲ ಮಾಡಿಕೊಡ್ತೀಯೇನಮ್ಮ? ಯಾವುದೂ ಈ ಕಟ್ಟಿನ ಮೇಲೆ ಏರ್ತಾ ಇಲ್ಲ. ಬೇರೆ ಕಡೆ ಹೋದ್ರೆ ಏನಾಯ್ತು, ಹೇಗಾಯ್ತು ಅಂತ ಕಥೆ ಕೇಳ್ತಾರೆ. ನಿಂಗೆ ಗೊತ್ತಲ್ಲ, ಹೇಳೋ ಕೆಲಸ ಇಲ್ಲ."

ಹೆಂಡತಿ ಅಳತೆ ಪಟ್ಟಿ ಹಿಡಿದು ಆ ಕೈಯ ಸುತ್ತ ಮುಟ್ಟಿಯೂ ಮುಟ್ಟದ ಹಾಗೆ ಅಳೆದಳು. ಒಳಕೋಣೆಯಲ್ಲಿದ್ದ ಹಬೆಯಣ್ಣ ಉಸಿರು ಬಿಗಿಹಿಡಿದು ಕುಳಿತಿದ್ದ. ಅವನ ಚಪ್ಪಲಿ ಬಾಗಿಲ ಹತ್ತಿರವೇ ಇತ್ತು. ಇಸ್ತ್ರಿ ಅಕ್ಕ ಅದನ್ನು ನೋಡಿ ದನಿ ಎತ್ತರಿಸಿದಳು.

"ಹಬೆಯಣ್ಣ, ಒಳಗಿದೀಯ ಅಂತ ಗೊತ್ತು. ಬೈಯೋಕೆ ಬಂದಿಲ್ಲ ಬಾ."

ಅವನು ಬಂದು ನಿಂತ. ಅವಳ ಕೈಯ ಕಡೆ ನೋಡಲಾಗದೆ ಅವಳ ಪಾದ ನೋಡಿದ.

"ನೀನು ಎಲ್ಲಾ ಒಪ್ಕೋತೀಯಂತೆ, ಹೌದಾ?"

"ತಪ್ಪು ನಂದೇ ಅಕ್ಕ."

"ನಾನು ಆ ಕೊಳವೆ ಕೆಳಗೆ ಅರ್ಧ ಆಯಸ್ಸು ನಿಂತಿದೀನಿ. ಬಾಯ್ಲರ್ ಹತ್ರ ನೀನಿದೀಯ ಅಂತ ಒಂದು ಸಲನೂ ಮೇಲೆ ನೋಡಿಲ್ಲ. ಅಂಥವನು ಸುಮ್ನೆ ಎದ್ದು ಹೋದೆ ಅಂದ್ರೆ ನಂಬ್ಲಾ? ನನ್ನ ಕೈ ಯಾಕೆ ಹೀಗಾಯ್ತು ಅಂತ ನಂಗೆ ಗೊತ್ತಾಗ್ಬೇಕು. ನೀನು ಯಾರನ್ನೋ ಉಳಿಸೋಕೆ ತಲೆ ಕೊಟ್ರೆ, ನಂಗೆ ಸಿಗೋದು ಸುಳ್ಳು. ಕೈಯೂ ಹೋಯ್ತು, ನಿಜನೂ ಇಲ್ಲ ಅಂದ್ರೆ ಹೇಗಪ್ಪ?"

ಅವಳು ಹೋದ ಮೇಲೆ ಹಬೆಯಣ್ಣ ಬೀರು ತೆಗೆದು, ಹೊದಿಕೆಗಳನ್ನು ಸರಿಸಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟ. "ತಮ್ಮನ ಹೆಸರು ಬಂದ್ರೆ ಬರಲಿ. ಅಕ್ಕನಿಗೆ ಸುಳ್ಳು ಹೇಳೋಕಾಗಲ್ಲ," ಅಂದ.

ವಕೀಲರ ಎದುರೇ ಫೋನನ್ನು ಲಕೋಟೆಯಲ್ಲಿ ಹಾಕಿ, ಮೊಹರು ಒತ್ತಿ, ಸಹಿ ಪಡೆದು ಲ್ಯಾಬಿಗೆ ಕಳಿಸಿದರು. ಅಲ್ಲಿಯ ತಜ್ಞೆ ಮೆಲುದನಿಯ ಹೆಂಗಸು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ತಾನು ಮಾಡುವುದನ್ನು ತಿಳಿಸಿದಳು. "ನಿಮ್ಮ ಫೋನು ದಿನಾ ನಸುಕಿನಲ್ಲಿ ತಾನೇ ಮೆಸೇಜುಗಳದ್ದೊಂದು ನಕಲು ತೆಗೆದು ಒಳಗಿಟ್ಕೊಳ್ಳುತ್ತೆ. ನೀವು ಅಳಿಸಿದ್ದು ಬೆಳಿಗ್ಗೆ ಅಂತೀರ. ಅಂದ್ರೆ ನೀವು ಏಳೋಕೆ ಮೊದಲೇ ಅದು ತನ್ನ ಕೆಲಸ ಮುಗಿಸಿರಬೇಕು. ಅಂಥ ನಕಲುಗಳನ್ನ ಕೆಲವು ದಿನ ಮಾತ್ರ ಇಟ್ಕೊಂಡು ಹಳೇದನ್ನ ಬಿಸಾಡ್ತಾ ಹೋಗುತ್ತೆ. ನೀವು ಆಫ್ ಮಾಡಿ ಇಟ್ಟಿದ್ದಕ್ಕೆ ಉಳಿದಿರಬಹುದು. ನಾನು ಮೂಲವನ್ನ ಕದಡಲ್ಲ. ಪೂರ್ತಿ ಪ್ರತಿ ತೆಗೆದು ಅದರಲ್ಲೇ ಹುಡುಕ್ತೀನಿ."

"ಸಿಗದೆ ಇದ್ರೂ ಬೇಜಾರಿಲ್ಲಮ್ಮ," ಎಂದ ಹಬೆಯಣ್ಣ. ಹೆಂಡತಿ ಅವನ ಕಾಲು ತುಳಿದಳು.

ಕೆಲವು ವಾರಗಳ ನಂತರ ವಕೀಲರು ಕರೆಸಿದರು. ಕಿಟಕಿಯಿಂದ ಬೀಳುವ ಬಿಸಿಲಿಗೆ ಬೆನ್ನು ಹಾಕಿ, ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. ಆ ದಿನ ಅಣ್ಣ ತಮ್ಮಂದಿರ ನಡುವೆ ಓಡಾಡಿದ್ದೆಲ್ಲ ಸಾಲಾಗಿ ಅಲ್ಲಿತ್ತು.

ಮೊದಲು ತಮ್ಮನದು: 'ಗೇಟ್ ದಾಟಿದೆ ಅಣ್ಣ. ನೀನು ಹೊರಡು, ಪಾಪು ಕಾಯ್ತಿರ್ತಾಳೆ.' ಅದಕ್ಕೆ ಅಣ್ಣನ ಉತ್ತರ: 'ಹೊರಟೆ. ನೀರು ಸರಿ ಇದೆ. ಒತ್ತಡ ಸ್ವಲ್ಪ ಏರ್ತಿದೆ, ಬಂದ ಕೂಡಲೇ ನೋಡ್ಕೋ.'

"ಇಷ್ಟು ನಂಗೆ ಗೊತ್ತು," ಎಂದ ಹಬೆಯಣ್ಣ.

"ಮುಂದಿಂದು?"

"ಮುಂದೆ ಏನಿದೆ?"

ವಕೀಲರು ತಲೆಯ ಮೇಲಿದ್ದ ಕನ್ನಡಕ ಇಳಿಸಿ ಅವನನ್ನು ದಿಟ್ಟಿಸಿದರು. ಆಮೇಲೆ ಗುಂಡಿ ಒತ್ತಿದರು. ಕೋಣೆಯಲ್ಲಿ ಮ್ಯಾನೇಜರ್ ದನಿ ಕೇಳಿತು. "ಬಾಯ್ಲರ್ ಕಡೆ ಹೋಗ್ಬೇಡ, ನೇರ ಲಾರಿ ಹತ್ರ ಬಾ, ಬಟ್ಟೆ ತುಂಬಬೇಕು. ಆಸ್ಪತ್ರೆಯವರು ಬಾಯಿ ಬಡ್ಕೊಳ್ತಿದಾರೆ. ಬಾಯ್ಲರ್ ಹತ್ರ ನಾನು ಯಾರನ್ನಾದ್ರೂ ನಿಲ್ಲಿಸ್ತೀನಿ, ಆಯ್ತಾ? ಇಲ್ಲ ಅಂದ್ರೆ ಕಾಯಂ ಗೀಯಂ ಎಲ್ಲ ಮರೆತುಬಿಡು, ಆಯ್ತಾ?"

ತನಗೆ ಬಂದ ಆ ಧ್ವನಿ ಸಂದೇಶವನ್ನು ತಮ್ಮ ಅಣ್ಣನಿಗೆ ಕಳಿಸಿ ಕೆಳಗೆ ಬರೆದಿದ್ದ: 'ಇದು ಕೇಳು. ನೀನು ಹೊರಟಿಲ್ಲ ಅಂದ್ರೆ ನಿಲ್ಲು.' ಮತ್ತೆ: 'ಅಣ್ಣ ಫೋನ್ ಎತ್ತು.' ಮತ್ತೆ: 'ಎತ್ತೋ.'

ಕೊನೆಯದು ಅವಘಡ ಆದ ಮೇಲೆ, ಸಂಜೆ ಬಂದದ್ದು: 'ಮ್ಯಾನೇಜರ್ ನನ್ನ ಮುಂದೆ ನಿಂತು ನನ್ನ ಫೋನಿಂದ ಎಲ್ಲ ಅಳಿಸಿಸಿದ್ರು. ನಿನಗೆ ಕಳಿಸಿದ್ದು ಅವರಿಗೆ ಗೊತ್ತಿಲ್ಲ. ಜೋಪಾನವಾಗಿ ಇಟ್ಕೋ. ನಂಗೆ ಏನೂ ತೋಚ್ತಿಲ್ಲ. ಏನು ಮಾಡ್ಬೇಕು ಹೇಳು, ಹಾಗೇ ಮಾಡ್ತೀನಿ.'

ಹಬೆಯಣ್ಣ ಪರದೆಯನ್ನೇ ನೋಡುತ್ತಿದ್ದ. "ನಾನು ಇದನ್ನ ಓದ್ಲೇ ಇಲ್ಲ," ಎಂದ. "ಬಸ್ಸಲ್ಲಿ ನೂಕುನುಗ್ಗಲು. ಫೋನು ಊಟದ ಚೀಲದೊಳಗಿತ್ತು. ಆಮೇಲೆ ಸುದ್ದಿ ಬಂತು. ಅವನ ಹೆಸರಿನ ಮುಂದೆ ಇಷ್ಟೆಲ್ಲ ಬಂದಿದ್ದು ಕಂಡೆ. ಬೇಡಿಕೊಂಡಿರ್ತಾನೆ, ತಪ್ಪಾಯ್ತು ಅಂದಿರ್ತಾನೆ ಅಂದ್ಕೊಂಡೆ. ಓದಿದ್ರೆ ಸಿಟ್ಟು ಬರುತ್ತೆ, ಸಿಟ್ಟಲ್ಲಿ ಪೊಲೀಸರ ಮುಂದೆ ಬಾಯಿ ಬಿಟ್ಟೇನು ಅಂತ... ತೆಗೆದು ನೋಡದೆ ಪೂರ್ತಿ ಅಳಿಸಿಬಿಟ್ಟೆ."

ಹೆಂಡತಿ ಹಣೆ ಚಚ್ಚಿಕೊಂಡಳು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನೆ ಬೆನ್ನ ಮೇಲೆ ಕೈಯಿಟ್ಟಳು.

"ಮಾರನೇ ದಿನ ತಮ್ಮ ಸಿಕ್ಕಿದ್ನಾ?" ವಕೀಲರು ಕೇಳಿದರು.

"ಠಾಣೆ ಹೊರಗೆ ಸಿಕ್ಕಿದ್ದ. ಮಾತಾಡೋಕೆ ಬಂದ. ಬಾಯಿ ಮುಚ್ಚು, ಯಾರ ಹತ್ರನೂ ಏನೂ ಹೇಳಬೇಡ, ನಾನು ನೋಡ್ಕೋತೀನಿ ಅಂದೆ. ಆಮೇಲೆ ಅವನ ಮುಖ ನೋಡೋಕೆ ನಂಗೇ ಮನಸ್ಸಿರಲಿಲ್ಲ."

ಅದೇ ದಿನ ಅವರಿಬ್ಬರೂ ತಮ್ಮನ ಮನೆಗೆ ಹೋದರು. ತಮ್ಮ ಬಾಗಿಲು ತೆರೆದವನು ಅತ್ತಿಗೆಯ ಹಿಂದೆ ನಿಂತ ಅಣ್ಣನನ್ನು ಕಂಡು ಪಕ್ಕಕ್ಕೆ ಸರಿದ. ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಬಾಯ್ಲರ್ ಹತ್ರ ಹೋಗಬೇಡ ಅಂತ ನಿನಗೆ ಹೇಳಿದ್ದು ಮ್ಯಾನೇಜರಾ?" ಅಣ್ಣ ನಿಂತಲ್ಲೇ ಕೇಳಿದ.

ತಮ್ಮನಿಗೆ ಅರ್ಥವಾಗಲಿಲ್ಲ. "ನಿಂಗೆ ಅವತ್ತೇ ಕಳಿಸಿದ್ನಲ್ಲ. ನೀನು ಓದಿದೀಯ ಅಂತಾನೇ ನಾನು..."

"ಓದಿರಲಿಲ್ಲ ಕಣೋ."

"ಮತ್ತೆ 'ನಾನು ನೋಡ್ಕೋತೀನಿ' ಅಂದೆ?" ತಮ್ಮ ಒಂದು ಹೆಜ್ಜೆ ಮುಂದೆ ಬಂದ. "ಏನು ಮಾಡ್ಬೇಕು ಹೇಳು ಅಂತ ಕೇಳಿದ್ದೆ. ಏನೂ ಹೇಳಬೇಡ ಅಂದೆ. ನಿನ್ನ ಹತ್ರ ಎಲ್ಲ ಇದೆ, ಸರಿಯಾದ ಹೊತ್ತಿಗೆ ತೋರಿಸ್ತೀಯ ಅಂತ ಕಾಯ್ತಾ ಕೂತೆ. ನೀನು ಮಾತು ಬಿಟ್ಟೆ. ಫೋನ್ ಮಾಡಿದ್ರೆ ಆಫ್. ನಾನು ಆ ಮ್ಯಾನೇಜರ್ ಮಾತು ಕೇಳಿ ಲಾರಿ ಹತ್ರ ಹೋದೆ ಅನ್ನೋ ಸಿಟ್ಟು ಅಂದ್ಕೊಂಡೆ. ಕಾಯಂ ಆಗೋ ಆಸೆಗೆ ಹೋದೆ ಅಣ್ಣ. ಅದು ಸುಳ್ಳಲ್ಲ."

"ನೀನು ಎಲ್ಲೋ ಹರಟೆ ಹೊಡೀತಾ ನಿಂತಿದ್ದೆ ಅಂದ್ಕೊಂಡಿದ್ದೆ ನಾನು."

"ನನ್ನನ್ನಾ?"

ಇಬ್ಬರೂ ಅತ್ತರು. ಅತ್ತಿಗೆ ನಡುವೆ ಬಂದು, "ಸಾಕು, ಇಬ್ಬರೂ ಒಬ್ಬರನ್ನೊಬ್ಬರು ಉಳಿಸೋಕೆ ಹೋಗಿ ಮನೆ ಮುಳುಗಿಸ್ತಿದ್ರಿ. ಕೋರ್ಟಿಗೆ ಬಂದು ಹೇಳ್ತೀಯೇನೋ?" ಎಂದಳು. ತಮ್ಮ ಒಳಗೆ ಮಲಗಿದ್ದ ಹೆಂಡತಿಯ ಕಡೆ ನೋಡಿದ. "ಕೆಲಸ ಹೋಗುತ್ತೆ ಅತ್ತಿಗೆ," ಅಂದವನೇ, "ಹೋಗಲಿ," ಎಂದು ತಾನೇ ಮಾತು ಮುಗಿಸಿದ.

ವಿಚಾರಣೆಯ ದಿನ ಲ್ಯಾಬಿನ ತಜ್ಞೆ ಮೊಹರು ಒಡೆದದ್ದರಿಂದ ಹಿಡಿದು ಕೊನೆಯವರೆಗೆ ಮೆಲ್ಲಗೆ, ಬಿಡಿಸಿ ಹೇಳಿದಳು. ಎದುರಿನ ವಕೀಲರು ಇದೆಲ್ಲ ಆಮೇಲೆ ಸೃಷ್ಟಿಸಿದ್ದು ಎಂದು ಹಾರಾಡಿದರು. ಆ ಫೋನು ಮುಚ್ಚಿದ ದಿನದಿಂದ ಲ್ಯಾಬಿಗೆ ಬರುವವರೆಗೆ ಒಮ್ಮೆಯೂ ಎಚ್ಚರಗೊಂಡಿಲ್ಲ ಎಂದು ಅವಳು ದಾಖಲೆ ತೋರಿಸಿದಳು. ತಮ್ಮ ಸಾಕ್ಷಿಕಟ್ಟೆಯಲ್ಲಿ ನಿಂತು ತನ್ನ ಆಸೆಯನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದ.

ಮ್ಯಾನೇಜರ್ ಸರದಿ ಬಂದಾಗ ಹಬೆಯಣ್ಣನ ವಕೀಲರು ಆ ಧ್ವನಿಯನ್ನು ಕೇಳಿಸಿದರು.

"ಇದು ಯಾರ ದನಿ?"

"ನನಗೆ ಗೊತ್ತಿಲ್ಲ. ನಂದಂತೂ ಅಲ್ಲ, ಆಯ್ತಾ?" ಅಂದರು ಮ್ಯಾನೇಜರ್.

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ತಲೆ ಎತ್ತಿ ನೋಡಿದ ಮೇಲೆ ಸದ್ದಡಗಿತು. ವಕೀಲರು ಇನ್ನೇನೂ ಕೇಳದೆ ಕುಳಿತುಬಿಟ್ಟರು. ಅದು ಮ್ಯಾನೇಜರ್ ದನಿಯೇ ಎಂದು ಧ್ವನಿ ಪರೀಕ್ಷೆಯ ವರದಿ ಆಮೇಲೆ ಬಂತು.

ಹಬೆಯಣ್ಣ ಬಿಡುಗಡೆಯಾದ. ಕೆಲಸ ವಹಿಸಿಕೊಳ್ಳಬೇಕಾದವನು ಆವರಣದೊಳಗೆ ಬಂದಿದ್ದ, ಅವನನ್ನು ಬೇರೆಡೆಗೆ ಎಳೆದವರು ಮೇಲಿನವರು, ಆದ್ದರಿಂದ ಹೊಣೆ ಇವನದಲ್ಲ ಎಂದು ತೀರ್ಪು ಬಂತು. ಮ್ಯಾನೇಜರ್ ಮೇಲೆ, ಕವಾಟ ಪರೀಕ್ಷಿಸದೆ ಬಿಟ್ಟ ಮಾಲೀಕರ ಮೇಲೆ ಹೊಸ ಮೊಕದ್ದಮೆ ಹೂಡಲು ಆದೇಶವಾಯಿತು. ಕೊನೆಯಲ್ಲಿ ನ್ಯಾಯಾಧೀಶರು, "ಆದರೂ ತಮ್ಮನ ಮುಖ ನೋಡಿ ಹೊರಟಿದ್ದರೆ ಚೆನ್ನಾಗಿತ್ತು," ಎಂದರು. ಹಬೆಯಣ್ಣ ಕೈಮುಗಿದು, "ಹೌದು ಸ್ವಾಮಿ," ಅಂದ.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಇಸ್ತ್ರಿ ಅಕ್ಕ ಕುಳಿತಿದ್ದಳು. ಅವಳ ಬೆರಳುಗಳು ಈಗಲೂ ಪೂರ್ತಿ ಮಡಚುತ್ತಿರಲಿಲ್ಲ.

"ಗೊತ್ತಾಯ್ತಾ ಅಕ್ಕ, ಯಾಕಾಯ್ತು ಅಂತ?" ಎಂದು ಹಬೆಯಣ್ಣ ಕೇಳಿದ.

"ಗೊತ್ತಾಯ್ತು. ಒಂದು ಲಾರಿ ಬೇಗ ಹೊರಡ್ಲಿ ಅಂತ." ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ನನ್ನ ಕೇಸು ಈಗ ಶುರು. ಬಂದು ಸಾಕ್ಷಿ ಹೇಳ್ತೀಯಾ? ನೀನು ಮುಖ ನೋಡದೆ ಹೋಗಿದ್ದನ್ನೂ ಕೆದಕ್ತಾರೆ."

"ಕೆದಕಲಿ. ಬರ್ತೀನಿ."

"ಇವನು?" ಅವಳು ತಮ್ಮನ ಕಡೆ ಗದ್ದ ಎತ್ತಿದಳು.

"ಕೆಲಸ ಇಲ್ಲ ಅಕ್ಕ ಈಗ," ಎಂದ ತಮ್ಮ. "ಎಷ್ಟು ಸಲ ಕರೆದ್ರೂ ಬರ್ತೀನಿ."

ಅವಳು ಎಡಗೈ ಊರಿ ಏಳಲು ಹೋದಳು. ಹಬೆಯಣ್ಣನ ಹೆಂಡತಿ ಅವಳ ಬಗಲಿಗೆ ಕೈಕೊಟ್ಟಳು. ಮೆಟ್ಟಿಲು ಕಡಿದಾಗಿದ್ದವು. ಉಳಿದ ಮೂವರೂ ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಇಳಿದರು.